ಒಳಗಿರುವವನಿಗೆ ಬಿಡುಗಡೆ ಉಂಟು, ಕಾಯುವವನಿಗೆ?

ಅಶೋಕ ರಸ್ತೆಯಲ್ಲಿ ದಿನಾ ಓಡಾಡುವ ಮೈಸೂರಿನವರಿಗೆ ಸೆಂಟ್ರಲ್ ಜೈಲಿನ ಗೋಡೆ ಅಭ್ಯಾಸವಾಗಿ ಹೋಗಿದೆ. ಒಳಗೆ ಏನಾದರೂ ಅನಾಹುತ ಆದಾಗಲೇ ಅದರ ಕಡೆ ಕತ್ತು ತಿರುಗುವುದು. 2024ರ ಡಿಸೆಂಬರ್ ಕೊನೆಯಲ್ಲಿ ಹಾಗೇ ಆಯಿತು. ಜೈಲಿನ ಬೇಕರಿಯಲ್ಲಿ ಕೇಕಿಗೆ ಬಳಸುವ ಎಸೆನ್ಸನ್ನು ಮೂವರು ಖೈದಿಗಳು ಕುಡಿದರು. 2025ರ ಜನವರಿಯಲ್ಲಿ ಮೂವರೂ ತೀರಿಕೊಂಡರು.

ಇಂಥದ್ದು ಆದಾಗಲೆಲ್ಲ ಜನ ಕೇಳುವ ಮೊದಲ ಪ್ರಶ್ನೆ ಒಂದೇ: “ಆಗ ಡ್ಯೂಟಿಯಲ್ಲಿ ಇದ್ದವರು ಯಾರು?” ಕೇಳಬೇಕಾದ ಪ್ರಶ್ನೆಯೇ. ಆದರೆ ಅದರ ಬೆನ್ನಿಗೇ ಇನ್ನೆರಡು ಪ್ರಶ್ನೆ ಕೇಳಬೇಕು. ಡ್ಯೂಟಿಯಲ್ಲಿ ಎಷ್ಟು ಜನ ಇದ್ದರು? ಅವರು ಎಷ್ಟು ಗಂಟೆಯಿಂದ ನಿಂತಿದ್ದರು? ಈ ಎರಡನ್ನು ಕೇಳುವವರು ಕಡಿಮೆ.

2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಪರಪ್ಪನ ಅಗ್ರಹಾರದ ಕಥೆಯೂ ನೆನಪಿರಬಹುದು. ವಿಚಾರಣಾ ಖೈದಿಯಾಗಿದ್ದ ಸಿನಿಮಾ ನಟರೊಬ್ಬರು ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ ಫೋಟೋ ಇಡೀ ರಾಜ್ಯ ಸುತ್ತಿತು. ಜೈಲಿನ ಅಧಿಕಾರಿಗಳು, ಸಿಬ್ಬಂದಿ ಅಮಾನತಾದರು. ತಪ್ಪು ಮಾಡಿದವರ ಮೇಲೆ ಕ್ರಮ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋದು? ಆದರೆ ಬೇಲಿಯನ್ನು ನೆಟ್ಟವರು ಅದಕ್ಕೆ ಎಷ್ಟು ಗೂಟ ಹಾಕಿದ್ದಾರೆ, ಆ ಗೂಟಗಳಿಗೆ ಎಷ್ಟು ವರ್ಷವಾಯಿತು ಅಂತ ನೋಡಿದವರುಂಟೆ? ಜೈಲಿನ ವಾರ್ಡರ್‌ಗಳ ಸಂಬಳ, ಮನೆ, ಬಡ್ತಿ – ಈ ಮೂರರ ಕಥೆ ಇಲ್ಲಿದೆ.

ರಜೆ ಮೀರಿದರೆ ಅಪರಾಧ!

ಜೈಲಿನ ನೌಕರಿ ಬೇರೆ ಸರ್ಕಾರಿ ನೌಕರಿಯಂತಲ್ಲ. ದೇಶದ ಜೈಲುಗಳಿಗೆಲ್ಲ ತಾಯಿಬೇರು 1894ರಲ್ಲಿ ಬ್ರಿಟಿಷರು ಮಾಡಿದ ಕಾರಾಗೃಹ ಕಾಯ್ದೆ. ಅದನ್ನು ತೆರೆದು ನೋಡಿದರೆ ಖೈದಿಗೆ ಎಷ್ಟು ಕಟ್ಟುಪಾಡೋ ಕಾಯುವವನಿಗೂ ಹೆಚ್ಚುಕಡಿಮೆ ಅಷ್ಟೇ ಕಟ್ಟುಪಾಡು.

ಆ ಕಾಯ್ದೆಯ ಪ್ರಕಾರ ಜೈಲರ್ ಜೈಲಿನಲ್ಲೇ ವಾಸ ಮಾಡಬೇಕು. ಬೇರೆ ಕಡೆ ಇರಬೇಕಾದರೆ ಸೂಪರಿಂಟೆಂಡೆಂಟರ ಲಿಖಿತ ಅಪ್ಪಣೆ ಬೇಕು. ಒಂದೇ ಒಂದು ರಾತ್ರಿ ಹೊರಗಿರಬೇಕಾದರೂ ಅಪ್ಪಣೆ ಚೀಟಿ ಬೇಕು. ಅವನ ಕೈಕೆಳಗಿನವರು ಮೇಲಿನವರ ಅನುಮತಿಯಿಲ್ಲದೆ ಜೈಲು ಬಿಟ್ಟು ಕದಲುವಂತಿಲ್ಲ.

ಇದಕ್ಕಿಂತ ಗಟ್ಟಿಯಾದದ್ದು 54ನೇ ಕಲಂ. ರಜೆ ಮುಗಿದ ಮೇಲೂ ಬೇಕೆಂದೇ ಬಾರದೆ ಉಳಿದರೆ, ಅಪ್ಪಣೆಯಿಲ್ಲದೆ ಅಥವಾ ಎರಡು ತಿಂಗಳ ಲಿಖಿತ ನೋಟೀಸು ಕೊಡದೆ ಕೆಲಸದಿಂದ ಹೊರಟರೆ, ಹೇಡಿತನ ತೋರಿಸಿದರೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕು. ಸಾಬೀತಾದರೆ 200 ರೂಪಾಯಿವರೆಗೆ ದಂಡ, ಇಲ್ಲವೆ ಮೂರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ತಾಲ್ಲೂಕು ಕಛೇರಿಯ ಗುಮಾಸ್ತ ರಜೆ ಮೀರಿದರೆ ಮೆಮೋ ಬರುತ್ತದೆ, ಸಂಬಳ ಕಟ್ಟಾಗುತ್ತದೆ. ಜೈಲಿನವನು ಮೀರಿದರೆ ತಾನೇ ಜೈಲಿಗೆ!

ಕರ್ನಾಟಕಕ್ಕೆ 1963ರದೇ ಬೇರೆ ಕಾಯ್ದೆ ಇದೆ. 2023ರಲ್ಲಿ ಕೇಂದ್ರ ಗೃಹ ಇಲಾಖೆ 1894ರ ಕಾಯ್ದೆಗೆ ಬದಲಾಗಿ ಒಂದು ಮಾದರಿ ಕಾಯ್ದೆ ಬರೆದು ಎಲ್ಲ ರಾಜ್ಯಗಳಿಗೂ ಕಳಿಸಿತು. ಅಕ್ಷರ ಬದಲಾಗಬಹುದು. ಆದರೆ ಜೈಲಿನ ಕೆಲಸದ ಗುಣ ಬದಲಾಗುವುದಿಲ್ಲ. ದೀಪಾವಳಿ, ಯುಗಾದಿ, ರಂಜಾನ್ ಅಂತ ಜೈಲಿಗೆ ಬೀಗ ಹಾಕಿ ಹೋಗೋಕಾಗುತ್ತಾ? ಊರೆಲ್ಲ ದಸರಾ ನೋಡಲು ಹೊರಟ ದಿನವೂ ಯಾರಾದರೊಬ್ಬ ಗೇಟಿನಲ್ಲಿ ನಿಲ್ಲಲೇಬೇಕು. ಹೀಗೆ ಕಟ್ಟಿಹಾಕಿದ ಮೇಲೆ, ಕಟ್ಟಿಹಾಕಿದ್ದಕ್ಕೆ ತಕ್ಕ ಬೆಲೆ ಕೊಡಬೇಡವೆ?

ಮೂವರ ಕೆಲಸ ಇಬ್ಬರಿಗೆ

ಈಗ ಲೆಕ್ಕಕ್ಕೆ ಬನ್ನಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷವರ್ಷವೂ ಜೈಲುಗಳ ಅಂಕಿಅಂಶ ಪ್ರಕಟಿಸುತ್ತದೆ. 2022ರ ಡಿಸೆಂಬರ್ 31ಕ್ಕೆ ದೇಶದಲ್ಲಿ 1,330 ಜೈಲುಗಳಿದ್ದವು. ಅವುಗಳಲ್ಲಿ ಇರಬೇಕಾದವರು 4,36,266 ಮಂದಿ. ಇದ್ದವರು 5,73,220. ಅಂದರೆ ನೂರು ಜನರ ಜಾಗದಲ್ಲಿ 131 ಜನ.

ಒಳಗಿರುವವರು ಹೆಚ್ಚಾದಂತೆ ಕಾಯುವವರೂ ಹೆಚ್ಚಾಗಬೇಕಷ್ಟೆ? ಆದದ್ದು ಉಲ್ಟಾ. ಅದೇ ದಿನ ಜೈಲುಗಳಿಗೆ ಮಂಜೂರಾಗಿದ್ದ ಹುದ್ದೆ 91,181. ಭರ್ತಿಯಾಗಿದ್ದದ್ದು 63,578. ಹತ್ತರಲ್ಲಿ ಮೂರು ಕುರ್ಚಿ ಖಾಲಿ. ಕೇಂದ್ರದ ಮಾದರಿ ಜೈಲು ಕೈಪಿಡಿ ಆರು ಖೈದಿಗಳಿಗೆ ಒಬ್ಬ ಕಾವಲಿನವನಿರಬೇಕು ಅನ್ನುತ್ತದೆ. ಗುಮಾಸ್ತರು, ವೈದ್ಯರು, ಅಧಿಕಾರಿಗಳು ಎಲ್ಲರನ್ನೂ ಸೇರಿಸಿ ಎಣಿಸಿದರೂ ಒಂಬತ್ತು ಖೈದಿಗಳಿಗೆ ಒಬ್ಬ ಸಿಗುತ್ತಾನೆ. ಅದರಲ್ಲೂ ಮೂರು ಪಾಳಿ ಮಾಡಿ ಹಂಚಿದರೆ ಒಂದು ಹೊತ್ತಿಗೆ ಎದುರಿಗೆ ನಿಂತಿರುವವರು ಎಷ್ಟು ಅಂತ ಓದುಗರೇ ಗುಣಿಸಿಕೊಳ್ಳಲಿ.

ಖಾಲಿ ಕುರ್ಚಿಯ ಭಾರ ಹೊರುವವರು ಯಾರು? ಒಂದು ಗೇಟನ್ನೇ ತೆಗೆದುಕೊಳ್ಳಿ. ಅದನ್ನು ದಿನದ 24 ಗಂಟೆಯೂ ಕಾಯಬೇಕು. ಎಂಟು ಗಂಟೆಯ ಪಾಳಿಯಾದರೆ ಮೂವರು ಬೇಕು. ವಾರದ ರಜೆ, ಕಾಯಿಲೆ ಕಸಾಲೆ, ಹಬ್ಬ ಹುಣ್ಣಿಮೆ ಎಲ್ಲ ಸೇರಿಸಿದರೆ ನಾಲ್ವರಿಗೂ ಮೇಲೆ ಬೇಕು. ಮೂವರಲ್ಲಿ ಒಬ್ಬ ಕಡಿಮೆಯಾದ ಅನ್ನಿ. ಗೇಟು ಮುಚ್ಚುವ ಹಾಗಿಲ್ಲ. ಉಳಿದ ಇಬ್ಬರೇ ಹಂಚಿಕೊಳ್ಳಬೇಕು. ಎಂಟು ಗಂಟೆ ಹನ್ನೆರಡಾಗುತ್ತದೆ. ಅವರಲ್ಲೊಬ್ಬ ಮಗಳ ಮದುವೆಗೆ ರಜೆ ಹಾಕಿದ ಅಂದರೆ ಇನ್ನೊಬ್ಬನ ಗತಿ ದೇವರೇ ಬಲ್ಲ.

ಹನ್ನೆರಡು ಗಂಟೆ ಬೀಗದ ಕೈ ಹಿಡಿದು ನಿಂತವನ ಕಣ್ಣು ಹನ್ನೊಂದನೇ ಗಂಟೆಗೆ ಎಷ್ಟು ಚುರುಕಾಗಿರುತ್ತದೆ? ಬ್ಯಾರಕ್ಕಿಗೆ ಮೊಬೈಲ್ ನುಸುಳೋದು, ಗಾಂಜಾ ಪೊಟ್ಟಣ ಗೋಡೆ ದಾಟಿ ಬೀಳೋದು, ಮೂಲೆಯಲ್ಲಿ ಒಬ್ಬ ಪಂಚೆ ಹರಿದು ಕುಣಿಕೆ ಮಾಡೋದು, ಇವೆಲ್ಲ ನಡೆಯೋದು ಕಾಯುವ ಕಣ್ಣು ಮಂಕಾದ ಗಳಿಗೆಯಲ್ಲೇ.

ಸಂಬಳದ ಪಂಕ್ತಿಯಲ್ಲಿ ಕೊನೆಯ ಎಲೆ

ಸಂಬಳ ಏರಿಲ್ಲ ಅಂತ ಹೇಳಿದರೆ ಅನ್ಯಾಯದ ಮಾತಾದೀತು. ಏಳನೇ ರಾಜ್ಯ ವೇತನ ಆಯೋಗದ ವರದಿ 2024ರ ಆಗಸ್ಟ್ 1ರಿಂದ ಜಾರಿಯಾಗಿ, ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000ಕ್ಕೆ ಏರಿತು. ಜೈಲಿನವರೂ ಸರ್ಕಾರಿ ನೌಕರರೇ. ಆದರೆ ಇದು ಎಲ್ಲರಿಗೂ ಬಡಿಸಿದ ಪಾಯಸ. ವಾರ್ಡರ್‌ನ ಕೆಲಸದ ವಿಶೇಷಕ್ಕೆಂದು ಬಡಿಸಿದ್ದಲ್ಲ.

ಪೋಲೀಸರ ಉದಾಹರಣೆ ನೋಡಿ. 2016ರ ಜೂನ್‌ನಲ್ಲಿ ರಾಜ್ಯದ ಪೋಲೀಸರು ಸಾಮೂಹಿಕ ರಜೆ ಹಾಕುತ್ತಾರೆ ಅನ್ನುವ ಸುದ್ದಿ ಹಬ್ಬಿತು. ಸರ್ಕಾರ ಬೆಚ್ಚಿಬಿತ್ತು. ಹಿರಿಯ ಪೋಲೀಸ್ ಅಧಿಕಾರಿ ರಾಘವೇಂದ್ರ ಔರಾದ್ಕರ್ ಅವರ ಸಮಿತಿ ಆಯಿತು, ವರದಿ ಬಂತು. 2019ರಲ್ಲಿ ವೇತನ ಪರಿಷ್ಕರಣೆಯೂ ಆಯಿತು. ಒಳ್ಳೆಯದೇ ಆಯಿತು. ಪೋಲೀಸರು ಬೀದಿಯಲ್ಲಿ ಕಾಣುತ್ತಾರೆ, ಅವರ ಕಷ್ಟ ಜನರಿಗೂ ಗೊತ್ತು, ಮಂತ್ರಿಗಳಿಗೂ ಗೊತ್ತು. ಗೋಡೆಯ ಆಚೆ ನಿಂತ ವಾರ್ಡರ್ ಯಾರ ಕಣ್ಣಿಗೆ ಬೀಳಬೇಕು? ಅವನ ಕೂಗು ಆ ಗೋಡೆ ದಾಟಿ ವಿಧಾನಸೌಧದವರೆಗೆ ಹೋಗುವುದಾದರೂ ಹೇಗೆ?

ಇಬ್ಬರ ಕೆಲಸ ಹೋಲಿಸಿದರೆ ವಾರ್ಡರ್‌ನದು ಹಗುರ ಅಂತ ಯಾರೂ ಹೇಳಲಾರರು. ಪೋಲೀಸಿನವರು ಕಳ್ಳನನ್ನು ಹಿಡಿದು ಕೋರ್ಟಿಗೆ ಒಪ್ಪಿಸಿ ಮುಂದಿನ ಕೇಸಿಗೆ ಹೋಗುತ್ತಾರೆ. ಅದೇ ಕಳ್ಳನ ಜತೆ, ಕೊಲೆಗಾರನ ಜತೆ, ರೌಡಿಯ ಜತೆ ವಾರ್ಡರ್ ವರ್ಷಗಟ್ಟಲೆ ಬಾಳಬೇಕು. ಒಳಗಿರುವ ರೌಡಿಯ ಹುಡುಗರು ಹೊರಗೆ ಇರುತ್ತಾರೆ. ಅವರಿಗೆ ವಾರ್ಡರ್‌ನ ಮಗ ಯಾವ ಸ್ಕೂಲಿಗೆ ಹೋಗ್ತಾನೆ ಅಂತ ಪತ್ತೆ ಮಾಡುವುದು ಕಷ್ಟವಲ್ಲ. ಒಂದು ಕಡೆ ಬೆದರಿಕೆ, ಇನ್ನೊಂದು ಕಡೆ ನೋಟಿನ ಕಂತೆ. ಇವೆರಡರ ನಡುವೆ ನೆಟ್ಟಗೆ ನಿಲ್ಲು ಅಂತ ಹೇಳುವ ಸರ್ಕಾರ, ನಿಲ್ಲೋದಕ್ಕೆ ಕಾಲ ಕೆಳಗೆ ಒಂದಿಷ್ಟು ಗಟ್ಟಿ ನೆಲ ಕೊಡಬೇಕು.

ಪೋಲೀಸಿನ ಸಮಾನ ದರ್ಜೆಗೆ ಸಮಾನ ಸಂಬಳ, ಎಂಟು ಗಂಟೆ ಮೀರಿದ ದುಡಿಮೆಗೆ ಬೇರೆ ಭತ್ಯೆ, ಬಿಡದೆ ಸಿಗುವ ವಾರದ ರಜೆ – ಕೇಳುವುದು ಇಷ್ಟೇ.

ಮನೆಯೆಂಬ ಇನ್ನೊಂದು ಬ್ಯಾರಕ್

ರಾತ್ರಿ ಎರಡು ಗಂಟೆಗೆ ಅಪಾಯದ ಗಂಟೆ ಬಾರಿಸಿದರೆ ಓಡಿ ಬರಬೇಕು. ಅದಕ್ಕೇ ಜೈಲು ಸಿಬ್ಬಂದಿಗೆ ಆವರಣದಲ್ಲೇ ಅಥವಾ ಪಕ್ಕದಲ್ಲೇ ಕ್ವಾರ್ಟರ್ಸ್ ಇರಬೇಕು ಅನ್ನುವುದು. ಇದು ನೌಕರರಿಗೆ ಮಾಡುವ ಉಪಕಾರವಲ್ಲ, ಜೈಲಿನ ಭದ್ರತೆಯದೇ ಒಂದು ಭಾಗ. ಬೀಗ ಎಷ್ಟು ಮುಖ್ಯವೋ ಕ್ವಾರ್ಟರ್ಸೂ ಅಷ್ಟೇ ಮುಖ್ಯ.

ಸರ್ಕಾರ ಇದನ್ನು ಒಂದು ಸಲ ಒಪ್ಪಿಕೊಂಡಿತ್ತು. 2002–03ರಲ್ಲಿ ಕೇಂದ್ರ ಸರ್ಕಾರ 1,800 ಕೋಟಿ ರೂಪಾಯಿಯ ಜೈಲು ಆಧುನೀಕರಣ ಯೋಜನೆ ತಂದಿತು. ಮುಕ್ಕಾಲು ಪಾಲು ಕೇಂದ್ರದ್ದು, ಕಾಲು ಪಾಲು ರಾಜ್ಯದ್ದು. 2009ರ ಮಾರ್ಚ್‌ಗೆ ಅದು ಮುಗಿಯಿತು. ಅದರಲ್ಲಿ ದೇಶಾದ್ಯಂತ 119 ಹೊಸ ಜೈಲು, 1,572 ಹೆಚ್ಚುವರಿ ಬ್ಯಾರಕ್, 8,568 ಸಿಬ್ಬಂದಿ ಮನೆ ಎದ್ದವು. ಮನೆಗಳ ಸಂಖ್ಯೆ ಕೇಳೋಕೆ ದೊಡ್ಡದಾಗಿ ಕಾಣುತ್ತದೆ. 91 ಸಾವಿರ ಹುದ್ದೆಗಳ ಪಕ್ಕದಲ್ಲಿಟ್ಟು ನೋಡಿದರೆ ಹತ್ತು ಹುದ್ದೆಗೆ ಒಂದು ಮನೆಯೂ ಬರುವುದಿಲ್ಲ. ಆಮೇಲೆ 2021ರಿಂದ 2026ರವರೆಗಿನ ಐದು ವರ್ಷಕ್ಕೆ ಅಂತ ಬಂದ 950 ಕೋಟಿಯ ಯೋಜನೆಯ ಮುಖ್ಯ ಗುರಿ ಆಧುನಿಕ ಭದ್ರತಾ ಸಲಕರಣೆ. ಸ್ಕ್ಯಾನರು, ಕ್ಯಾಮೆರಾ, ಜಾಮರು ಎಲ್ಲ ಬೇಕಾದ್ದೇ. ಆದರೆ ಕ್ಯಾಮೆರಾದ ಪರದೆ ನೋಡುವವನು ರಾತ್ರಿ ಮಲಗೋದೆಲ್ಲಿ?

ರಾಜ್ಯದಲ್ಲಿ ಪೋಲೀಸರ ಮನೆ ಕಟ್ಟುವುದಕ್ಕೆಂದೇ 1985ರಲ್ಲಿ ಒಂದು ನಿಗಮ ಹುಟ್ಟಿತು. ಜೈಲು ಇಲಾಖೆಯ ಕಟ್ಟಡಗಳೂ ಅದರ ಕೈಯಲ್ಲಿವೆ. ಹೆಸರಿನಲ್ಲೇ ಪೋಲೀಸ್ ಇರುವಾಗ ಮೊದಲ ಪಂಕ್ತಿ ಯಾರದು ಅಂತ ಬಿಡಿಸಿ ಹೇಳಬೇಕಿಲ್ಲ.

ಕ್ವಾರ್ಟರ್ಸ್ ಸಿಗದವನು ಏನು ಮಾಡುತ್ತಾನೆ? ಊರ ಹೊರಗಿನ ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿಯುತ್ತಾನೆ. ಅಡ್ವಾನ್ಸಿಗೆ ಸಾಲ, ಹೋಗಿ ಬರುವ ದಾರಿಗೆ ಹೊತ್ತು, ಪೆಟ್ರೋಲಿಗೆ ದುಡ್ಡು. ಹನ್ನೆರಡು ಗಂಟೆಯ ಡ್ಯೂಟಿಗೆ ಇನ್ನೆರಡು ಗಂಟೆ ಸೇರಿತು. ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬಂದವನಿಗೆ ವಾರ್ಡರ್‌ಗಳ ಹಾಲ್‌ನಲ್ಲಿ ಒಂದು ಮಂಚ, ಒಂದು ಟ್ರಂಕು. ಅವನಿಗೂ ಒಳಗಿರುವವನಿಗೂ ಇರುವ ವ್ಯತ್ಯಾಸ ಖಾಕಿ ಬಟ್ಟೆ ಒಂದೇ. ಇನ್ನು ಹೆಣ್ಣು ವಾರ್ಡರ್ ಆದರೆ, ರಾತ್ರಿ ಪಾಳಿಗೆ ಬರುವಾಗ ಎಳೆ ಮಗುವನ್ನು ಯಾರ ಮಡಿಲಿಗೆ ಹಾಕಿ ಬರಬೇಕು? ಆವರಣದಲ್ಲೇ ಮನೆ, ಪಕ್ಕದಲ್ಲೇ ಒಂದು ಶಿಶುವಿಹಾರ ಇದ್ದರೆ ಈ ಪ್ರಶ್ನೆಯೇ ಏಳುವುದಿಲ್ಲ.

ಸೇರಿದಾಗಲೂ ವಾರ್ಡರ್, ಹೊರಟಾಗಲೂ…

ಮೂರನೆಯದು ಬಡ್ತಿ. ಜೈಲಿನ ಏಣಿಗೆ ಮೆಟ್ಟಿಲು ಕಡಿಮೆ. ಕೆಳಗೆ ವಾರ್ಡರ್, ಅವನ ಮೇಲೆ ಹೆಡ್ ವಾರ್ಡರ್, ಆಮೇಲೆ ಜೈಲರ್, ಸೂಪರಿಂಟೆಂಡೆಂಟ್. ಜೈಲರ್ ಹುದ್ದೆಗೆ ಹೊರಗಿನಿಂದ ನೇರ ನೇಮಕವೂ ಉಂಟು. ಇಲಾಖೆಯ ತುದಿಯ ಕುರ್ಚಿಯಲ್ಲಿ ಐ.ಪಿ.ಎಸ್. ಅಧಿಕಾರಿ. ಕೆಳಗೆ ಸಾಲುಗಟ್ಟಿ ನಿಂತ ವಾರ್ಡರ್‌ಗಳು ನೂರಾರು, ಮೇಲಿನ ಮೆಟ್ಟಿಲಲ್ಲಿ ಜಾಗ ಬೆರಳೆಣಿಕೆ. ಇಪ್ಪತ್ತೆರಡನೇ ವಯಸ್ಸಿಗೆ ಸೇರಿದವನು ತಲೆ ನರೆಯುವ ಹೊತ್ತಿಗೆ ಒಂದು ಮೆಟ್ಟಿಲು ಹತ್ತಿದರೆ ಪುಣ್ಯ.

ಕಾಲಬದ್ಧ ಬಡ್ತಿ ಇದೆಯಲ್ಲ ಅನ್ನಬಹುದು. ಇದೆ. ಹತ್ತು ವರ್ಷಕ್ಕೆ, ಹದಿನೈದು ವರ್ಷಕ್ಕೆ ಸಂಬಳದ ಶ್ರೇಣಿ ಮೇಲೇರುತ್ತದೆ. ಆದರೆ ಸಂಬಳ ಏರಿತೇ ಹೊರತು ತೋಳಿನ ಪಟ್ಟಿ ಏರಲಿಲ್ಲ, ಕೆಲಸ ಬದಲಾಗಲಿಲ್ಲ. ಮೊನ್ನೆ ಸೇರಿದ ಹುಡುಗನೂ ಇಪ್ಪತ್ತು ವರ್ಷ ಸವೆಸಿದವನೂ ಅದೇ ಗೋಪುರದ ಕೆಳಗೆ ಅದೇ ಪಹರೆ. ಇಪ್ಪತ್ತು ವರ್ಷದಲ್ಲಿ ಆತ ಕಲಿತದ್ದು ಕಡಿಮೆಯೇ? ಯಾವ ಖೈದಿ ಊಟ ಬಿಟ್ಟಿದ್ದಾನೆ, ಯಾರ ಮನಸ್ಸು ಕೆಟ್ಟಿದೆ, ಯಾವ ಬ್ಯಾರಕ್‌ನಲ್ಲಿ ಇವತ್ತು ಹೊಡೆದಾಟವಾದೀತು ಎಲ್ಲವನ್ನೂ ಮುಖ ನೋಡಿ ಹೇಳಬಲ್ಲ. ಈ ವಿದ್ಯೆಗೆ ಇಲಾಖೆಯಲ್ಲಿ ಒಂದು ಹುದ್ದೆಯ ಹೆಸರಿಲ್ಲ.

ಕಲಿಸಬೇಕು ಅನ್ನುವ ಮನಸ್ಸಿದ್ದರೆ ದಾರಿ ಇದೆ. ದಕ್ಷಿಣದ ರಾಜ್ಯಗಳ ಜೈಲು ಅಧಿಕಾರಿಗಳಿಗಾಗಿ 1979ರಲ್ಲೇ ವೆಲ್ಲೂರಿನಲ್ಲಿ ಒಂದು ಅಕಾಡೆಮಿ ಶುರುವಾಯಿತು. ನಾರ್ವೆ ದೇಶದಲ್ಲಿ ಜೈಲಿನ ಕೆಲಸಕ್ಕೆ ಸೇರುವವರಿಗೆ ಸಂಬಳ ಕೊಟ್ಟೇ ಎರಡು ವರ್ಷ ಪಾಠ ಹೇಳುತ್ತಾರೆ. ವಾರ್ಡರ್‌ಗೂ ಮನಶ್ಶಾಸ್ತ್ರ, ಕಾನೂನು, ಪ್ರಥಮ ಚಿಕಿತ್ಸೆಯ ತರಬೇತಿ ಕೊಟ್ಟು, ಇಲಾಖಾ ಪರೀಕ್ಷೆ ಮಾಡಿ, ಪಾಸಾದವನಿಗೆ ಸುಧಾರಣಾ ಸಹಾಯಕನೆಂದೋ ಇನ್ನೇನೆಂದೋ ಒಂದು ಮೆಟ್ಟಿಲು ಕೊಟ್ಟರೆ ಸರ್ಕಾರದ ಬೊಕ್ಕಸ ಮುಳುಗುವುದಿಲ್ಲ.

ವರದಿಗಳ ಮೇಲೆ ವರದಿ

ಇದೆಲ್ಲ ಯಾರಿಗೂ ಗೊತ್ತಿಲ್ಲದ್ದೇನಲ್ಲ. 1919–20ರ ಭಾರತೀಯ ಜೈಲು ಸಮಿತಿಯೇ ಖೈದಿಗಳ ಪಾಲನೆ ತರಬೇತಾದವರ ಕೈಯಲ್ಲಿರಬೇಕು ಅಂದಿತ್ತು. 1980ರಲ್ಲಿ ನ್ಯಾಯಮೂರ್ತಿ ಎ.ಎನ್. ಮುಲ್ಲಾ ಅವರ ಸಮಿತಿ ನೇಮಕವಾಗಿ, 1983ರಲ್ಲಿ ದಪ್ಪ ವರದಿ ಕೊಟ್ಟಿತು. ಐ.ಎ.ಎಸ್., ಐ.ಪಿ.ಎಸ್. ಇದ್ದಹಾಗೆ ಜೈಲಿಗೂ ಒಂದು ಅಖಿಲ ಭಾರತ ಸೇವೆ ಇರಲಿ ಅನ್ನುವುದು ಅದರ ದೊಡ್ಡ ಸಲಹೆ. ನಲವತ್ತು ವರ್ಷ ದಾಟಿತು, ಆ ಸೇವೆ ಹುಟ್ಟಲೇ ಇಲ್ಲ.

ಕರ್ನಾಟಕದ್ದೇ ಒಂದು ಕಥೆಯಿದೆ. 1984ರಲ್ಲಿ ಬೆಂಗಳೂರು ಸೆಂಟ್ರಲ್ ಜೈಲಿನಿಂದ ರಾಮಮೂರ್ತಿ ಎಂಬ ಖೈದಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದ. ಆ ಪತ್ರವೇ ಮೊಕದ್ದಮೆಯಾಗಿ 1996ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಕೋರ್ಟು ಜೈಲುಗಳ ಒಂಬತ್ತು ರೋಗ ಪಟ್ಟಿ ಮಾಡಿತು: ಜನ ತುಂಬಿ ತುಳುಕುವುದು, ವಿಚಾರಣೆಯ ವಿಳಂಬ, ಚಿತ್ರಹಿಂಸೆ, ಆರೋಗ್ಯದ ಕಡೆಗಣನೆ, ಸಾಲದ ಊಟ ಬಟ್ಟೆ, ಜೈಲಿನೊಳಗಿನ ದುಶ್ಚಟ, ಸಂಪರ್ಕದ ಕೊರತೆ, ಭೇಟಿಯ ಅವ್ಯವಸ್ಥೆ, ಬಯಲು ಬಂದೀಖಾನೆಗಳ ನಿರ್ವಹಣೆ. ಒಳ್ಳೆಯ ಪಟ್ಟಿ. ಆದರೆ ಆ ಒಂಬತ್ತರಲ್ಲಿ ಸಿಬ್ಬಂದಿ ಅನ್ನುವ ಶೀರ್ಷಿಕೆ ಇರಲಿಲ್ಲ. ಊಟ ಬಡಿಸುವುದು, ಆಸ್ಪತ್ರೆಗೆ ಕರೆದೊಯ್ಯುವುದು, ಭೇಟಿ ಮಾಡಿಸುವುದು ಎಲ್ಲ ವಾರ್ಡರ್‌ನ ಕೈಯಿಂದಲೇ ಆಗಬೇಕಾದದ್ದು.

ಆ ಶೀರ್ಷಿಕೆ ಬಂದದ್ದು 2013ರಲ್ಲಿ. ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ 1,382 ಜೈಲುಗಳ ಅಮಾನವೀಯ ಸ್ಥಿತಿಯ ಬಗ್ಗೆ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಅವರು ಎತ್ತಿದ ನಾಲ್ಕು ವಿಷಯಗಳಲ್ಲಿ ಎರಡು ಸಿಬ್ಬಂದಿಯದೇ: ಒಂದು, ಜನ ಸಾಲದು, ಇನ್ನೊಂದು, ಇರುವವರಿಗೆ ತರಬೇತಿ ಸಾಲದು. 2018ರ ಸೆಪ್ಟೆಂಬರ್‌ನಲ್ಲಿ ಕೋರ್ಟು ನ್ಯಾಯಮೂರ್ತಿ ಅಮಿತಾವ ರಾಯ್ ಅವರ ಸಮಿತಿ ನೇಮಿಸಿತು. ವರದಿಗಳಿಗೆ ಬರವಿಲ್ಲ. ಬರ ಇರುವುದು ಆದೇಶಕ್ಕೆ, ಅನುದಾನಕ್ಕೆ.

ಖೈದಿಯ ಪಾಲಿಗೂ ಇದೇ ಪ್ರಶ್ನೆ

“ಖೈದಿಗಳೇ ನರಳುವಾಗ ಕಾಯುವವರ ಗೋಳು ಯಾಕಪ್ಪ?” ಅನ್ನುವವರಿದ್ದಾರೆ. ಅವರಿಗೆ ಒಂದು ಮಾತು. 27 ವರ್ಷ ಸೆರೆಯಲ್ಲಿದ್ದ ನೆಲ್ಸನ್ ಮಂಡೇಲಾ ಅವರ ಹೆಸರಿನಲ್ಲಿ 2015ರಲ್ಲಿ ವಿಶ್ವಸಂಸ್ಥೆ ಖೈದಿಗಳ ಪಾಲನೆಯ ಕನಿಷ್ಠ ನಿಯಮಗಳನ್ನು ಒಪ್ಪಿತು. ಖೈದಿಯ ಹೆಸರಿನ ಆ ನಿಯಮಗಳಲ್ಲೇ 74ನೆಯದು ಜೈಲು ನೌಕರರದು. ಯೋಗ್ಯ ಗಂಡಸರು ಹೆಂಗಸರು ಈ ಕೆಲಸಕ್ಕೆ ಬರುವಷ್ಟು, ಬಂದವರು ಬಿಟ್ಟುಹೋಗದಷ್ಟು ಸಂಬಳ ಇರಬೇಕು, ಕೆಲಸದ ಕಷ್ಟ ನೋಡಿ ಸೇವಾ ಷರತ್ತುಗಳಿರಬೇಕು ಅನ್ನುವುದು ಅದರ ಸಾರ. ಜೈಲು ಕಂಡವರಿಗೆ ಗೊತ್ತು, ಬಳಲಿದವನ ಕೈಯಲ್ಲಿ ಸಿಕ್ಕಿದ ಖೈದಿಯ ಪಾಡು ಏನು ಅಂತ.

ನೆನಪಿಡಿ, 2022ರ ಲೆಕ್ಕದಲ್ಲಿ ಜೈಲಿನಲ್ಲಿದ್ದವರಲ್ಲಿ 4,34,302 ಮಂದಿ ವಿಚಾರಣಾ ಖೈದಿಗಳು. ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತಾಗಿಲ್ಲ. ನಾಳೆ ನಿಮ್ಮ ಬೀದಿಯ ಹುಡುಗನೇ ಅಲ್ಲಿರಬಹುದು. ಎದೆನೋವು ಅಂತ ಆತ ರಾತ್ರಿ ಕೂಗಿದಾಗ ಓಡಿಬರಬೇಕಾದವನು ಆ ವಾರ್ಡರೇ. ಬೀಡಿಗೊಂದು ರೇಟು, ಭೇಟಿಗೊಂದು ರೇಟು ಅಂತ ಕೈ ಚಾಚುವವನನ್ನು ಮನೆಗೆ ಕಳಿಸಿ. ಆದರೆ ಕೈ ಚಾಚದೆ ನಿಂತವನಿಗೆ ಅದರಿಂದ ನಷ್ಟವಾಗದಂತೆ ನೋಡಿಕೊಳ್ಳುವುದೂ ಸರ್ಕಾರದ ಕೆಲಸ.

ದಿಲ್ಲಿ ಕಡೆ ಬೆರಳು ತೋರಿಸಬೇಡಿ

ಜೈಲು ಸಂವಿಧಾನದ ರಾಜ್ಯ ಪಟ್ಟಿಯಲ್ಲಿರುವ ವಿಷಯ. ಹುದ್ದೆ ತುಂಬುವವರು, ಸಂಬಳ ಗೊತ್ತುಮಾಡುವವರು, ಮನೆ ಕಟ್ಟುವವರು ಬೆಂಗಳೂರಿನಲ್ಲಿದ್ದಾರೆ. ಅವರನ್ನು ಕೇಳಬೇಕಾದವರು ಇಲ್ಲಿಂದ ಗೆದ್ದು ಹೋದ ಶಾಸಕರು. ರಸ್ತೆ, ಚರಂಡಿ ಬಗ್ಗೆ ಸದನದಲ್ಲಿ ಪ್ರಶ್ನೆ ಎತ್ತುವವರು ಒಂದು ಸಲ ಇದನ್ನೂ ಎತ್ತಲಿ: ನಮ್ಮ ಜೈಲಿಗೆ ಮಂಜೂರಾದ ವಾರ್ಡರ್ ಹುದ್ದೆ ಎಷ್ಟು, ಖಾಲಿ ಎಷ್ಟು, ಕ್ವಾರ್ಟರ್ಸ್ ಎಷ್ಟು, ಅದರಲ್ಲಿ ಸೋರುವುದೆಷ್ಟು, ಹದಿನೈದು ವರ್ಷ ದಾಟಿಯೂ ಬಡ್ತಿ ಕಾಣದವರು ಎಷ್ಟು?

ಜಿಲ್ಲೆಯಲ್ಲೇ ಆಗಬಹುದಾದ ಕೆಲಸವೂ ಒಂದಿದೆ. ಜೈಲಿಗೆ ಭೇಟಿ ಕೊಟ್ಟು ತಪಾಸಣೆ ಮಾಡಲು ಸಂದರ್ಶಕರ ಮಂಡಳಿ ಎಂಬ ಏರ್ಪಾಡು ಉಂಟು. ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿಗಳು, ಹೊರಗಿನ ಗಣ್ಯರು ಅದರಲ್ಲಿರುತ್ತಾರೆ. ಅಡಿಗೆಮನೆಗೆ ಹೋಗಿ ಸಾರಿನ ರುಚಿ ನೋಡುತ್ತಾರೆ, ಬ್ಯಾರಕ್ ನೋಡುತ್ತಾರೆ, ಖೈದಿಗಳ ಅಹವಾಲು ಕೇಳುತ್ತಾರೆ. ಮುಂದಿನ ಸಲ ಬಂದಾಗ ಹಾಗೇ ಹತ್ತು ಹೆಜ್ಜೆ ಆಚೆ ನಡೆದು ವಾರ್ಡರ್‌ಗಳ ಮನೆಯ ನಲ್ಲಿ ತಿರುಗಿಸಿ ನೋಡಲಿ. ಡ್ಯೂಟಿ ಪುಸ್ತಕ ತರಿಸಿ, ಎಷ್ಟು ಜನ ಸತತ ಎಷ್ಟು ಗಂಟೆ ನಿಂತರು ಅಂತ ಎಣಿಸಲಿ. ಕಂಡದ್ದನ್ನು ವರದಿಯಲ್ಲಿ ಬರೆಯಲಿ. ಅದಕ್ಕೆ ಹೊಸ ಸಮಿತಿಯೂ ಬೇಡ, ಹೊಸ ಕಾನೂನೂ ಬೇಡ.